ಅನ್ನವಿಲ್ಲದ ಮೀನು

ಮೀನು ಹುರಿಯಲು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ಮೂರು ತಿಂಗಳು ದಿನಾ ನೋಡಿದ್ದೇನೆ. ಕೊರೊನಾ ಕಾಲದಿಂದ ಕಪಾಟಿನಲ್ಲಿ ಉಳಿದುಹೋಗಿದ್ದ ಬಿಳಿ ಮಾಸ್ಕು, ಎರಡೂ ಕೈಗೆ ಪ್ಲಾಸ್ಟಿಕ್ ಗ್ಲೌಸು, ಬಲಗೈಯಲ್ಲಿ ಒಂದು ಮೊಳ ಉದ್ದದ ಇಕ್ಕಳ. ಸಂಜೆ ಏಳು ಗಂಟೆಗೆ ನನ್ನ ಗಂಡ ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಫ್ಲ್ಯಾಟಿನ ಅಡುಗೆಮನೆಗೆ ಹೀಗೆ ಸಜ್ಜಾಗಿ ಬರುತ್ತಿದ್ದರು. ಬಾಂಬು ಬಿಚ್ಚುವವರೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ.

ಅವರು ತುಮಕೂರು ಕಡೆಯವರು. ಮೊಟ್ಟೆ ಇರಬಹುದೆಂಬ ಅನುಮಾನಕ್ಕೆ ಹುಟ್ಟುಹಬ್ಬದ ಕೇಕನ್ನೂ ಬಿಡುವ ಜನ. ನಾನು ಕರಾವಳಿಯವಳು, ಹಲ್ಲು ಬರುವ ಮೊದಲೇ ಬಂಗುಡೆ ಸಾರಿನಲ್ಲಿ ಅನ್ನ ಕಿವುಚಿ ತಿನ್ನಿಸಿ ಬೆಳೆಸಿದ ಮನೆಯವಳು. ಇಬ್ಬರಿಗೂ ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿತ್ತು. ಆರ್.ಕೆ.ಪುರಂನಲ್ಲಿ ಕನ್ನಡದವರು ಕೂರಿಸುತ್ತಿದ್ದ ಗಣಪತಿಯ ಪೆಂಡಾಲಿನಲ್ಲಿ ಪರಿಚಯವಾಗಿ, ಎರಡೂ ಮನೆಯವರು ಮೂಗು ಮುರಿಯುತ್ತಿದ್ದಾಗಲೇ ಮದುವೆಯಾದೆವು. ಅದಾಗಿ ಇಪ್ಪತ್ತಾರು ವರ್ಷ.

ಈ ಇಪ್ಪತ್ತಾರು ವರ್ಷವೂ ಮನೆಯಲ್ಲಿ ಒಂದು ನಿಯಮ ನಡೆದುಬಂದಿತ್ತು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಅವರು ಟೂರಿಗೆ ಹೋದಾಗ ಮಾತ್ರ ಮೀನು. ಅದೂ ಬಾಲ್ಕನಿಯಲ್ಲಿ, ಬೇರೆ ಒಲೆ, ಬೇರೆ ಕಾವಲಿ. ಕೆಲಸ ಮುಗಿದ ಮೇಲೆ ಆ ಕಾವಲಿಯನ್ನು ಪೇಪರಿನಲ್ಲಿ ಸುತ್ತಿ ವಾಷಿಂಗ್ ಮಷೀನಿನ ಹಿಂದೆ ಇಡುತ್ತಿದ್ದೆ, ಕದ್ದ ಮಾಲಿನ ಹಾಗೆ. ಅವರು ಟೂರಿನಿಂದ ಬಂದು, ಬಾಗಿಲಲ್ಲೇ ಒಂದು ಸಲ ನಿಂತು, ಏನೂ ಮಾತಾಡದೆ ಊದುಬತ್ತಿ ಹಚ್ಚುತ್ತಿದ್ದರು. ಬೈದರೆ ತಿರುಗಿ ಬೈಯಬಹುದು. ಊದುಬತ್ತಿ ಹಚ್ಚುವವರ ಜೊತೆ ಜಗಳವಾಡುವುದು ಹೇಗೆ? ನನಗೆ ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಒಂದು ದಿನ ಆಫೀಸಿನಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ದಾರದಂಥದ್ದೊಂದು ತೇಲಾಡಿತು. ಕರವಸ್ತ್ರದಿಂದ ಒರೆಸಿದೆ, ಹೋಗಲಿಲ್ಲ. ಕಸ ಗುಡಿಸುವ ಭಯ್ಯಾನನ್ನು ಕರೆದು, ಪರದೆಯ ಧೂಳು ತೆಗೆಯಲೂ ನಿನಗೆ ಪುರಸೊತ್ತಿಲ್ಲವೇ ಎಂದು ಬೈದೆ. ಅವನು ಪಾಪ ಎರಡು ಸಲ ಒರೆಸಿ ಕೊಟ್ಟ. ದಾರ ಅಲ್ಲಿರಲಿಲ್ಲ, ನನ್ನ ಕಣ್ಣಿನೊಳಗಿತ್ತು. ಹತ್ತು ವರ್ಷದಿಂದ ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಸಕ್ಕರೆ ಕಾಯಿಲೆ ಬಲಗಣ್ಣಿನಲ್ಲಿ ರಕ್ತ ಒಸರಿಸಿತ್ತು. ಲೇಸರ್ ಮಾಡಿದರು. ಆದರೂ ಆ ಕಣ್ಣಿಗೆ ಈಗ ಎಲ್ಲವೂ ಹಬೆ ಹಿಡಿದ ಕನ್ನಡಕದಲ್ಲಿ ನೋಡಿದ ಹಾಗೆ. ಕಣ್ಣಿನ ಡಾಕ್ಟರು ಸುತ್ತು ಬಳಸದೆ ಹೇಳಿದರು: ಎಡಗಣ್ಣು ಇನ್ನೂ ಚೆನ್ನಾಗಿದೆ, ಮೂರು ತಿಂಗಳಲ್ಲಿ ಸಕ್ಕರೆ ಇಳಿಸಿ ತೋರಿಸಿ, ಇಲ್ಲದಿದ್ದರೆ ಅದರ ಬಗ್ಗೆ ನಾನು ಮಾತು ಕೊಡಲಾರೆ.

ಅಲ್ಲಿಂದ ನಮ್ಮನ್ನು ಪಥ್ಯ ಹೇಳುವ ಹುಡುಗಿಯ ಬಳಿಗೆ ಕಳಿಸಿದರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಇಡ್ಲಿ, ಪ್ಲಾಸ್ಟಿಕ್ಕಿನ ಸೇಬು ಇಟ್ಟುಕೊಂಡು ಕೂತಿದ್ದಳು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. "ಆಂಟೀಜಿ, ಚಾವಲ್ ಬಿಲ್ಕುಲ್ ಬಂದ್," ಎಂದಳು. ಅನ್ನ ಎನ್ನುವಾಗ ಅವಳ ಮುಖ ನೋಡಬೇಕಿತ್ತು, ನಾನು ಗುಟ್ಕಾ ಜಗಿಯುತ್ತೇನೇನೋ ಎಂಬಂತೆ. ರಾತ್ರಿಗೆ ಏನು ತಿನ್ನಲಿ ಎಂದೆ. ಒಂದು ತುಂಡು ಮೀನು, ಬಾಣಲೆಯಲ್ಲಿ ಹುರಿದದ್ದು, ಪಕ್ಕದಲ್ಲಿ ಒಂದಿಷ್ಟು ತರಕಾರಿ, ಇಪ್ಪತ್ತು ನಿಮಿಷದಲ್ಲಿ ಆಗಿಹೋಗುತ್ತದೆ ಎಂದಳು. ಮೀನಿನ ಬಗ್ಗೆ ನನಗೆ ಪಾಠ ಹೇಳಲು ಈ ದೆಹಲಿಯಲ್ಲಿ ಒಬ್ಬಳು ಹುಟ್ಟಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ನಮ್ಮ ಕಡೆ ಅನ್ನ ಬಾಯಿಗೆ ಬೀಳದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಮೀನು ಎಷ್ಟೇ ಇರಲಿ, ಅದು ಅನ್ನದ ಪಕ್ಕಕ್ಕೆ. ಬರೀ ಮೀನು ತಿಂದು ಎದ್ದರೆಂದರೆ ಬೆಕ್ಕು. ಮನೆಗೆ ಬಂದು ಇದನ್ನೇ ಹೇಳಿದೆ. ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮ, ರೈಸ್ ಬಿಟ್ರೆ ಕ್ಯಾ ಹೋ ಜಾಯೇಗಾ? ಇಟ್ಸ್ ಜಸ್ಟ್ ಡಿನ್ನರ್," ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಹೊಟ್ಟೆ ಮಾತ್ರ ದೆಹಲಿಯದು. ಎರಡು ದಿನದಲ್ಲಿ ಒಂದು ಎರಕದ ಕಬ್ಬಿಣದ ಬಾಣಲೆ ತರಿಸಿದಳು. ಅವಳ ಬಾಯಲ್ಲಿ ಅದು ಸ್ಕಿಲೆಟ್. ಮಗುವಿನಷ್ಟು ಭಾರ, ಉದ್ದಕ್ಕೆ ಒಂದು ಹಿಡಿಕೆ. ನನ್ನಜ್ಜಿಯ ಮನೆಯ ಕಾವಲಿಗೆ ಹಿಡಿಕೆ ಅಂಟಿಸಿ ಇಂಗ್ಲಿಷ್ ಹೆಸರಿಟ್ಟರೆ ಇದಾಗುತ್ತದೆ.

"ಅನ್ನ ಇಲ್ಲದ ಮೀನು ನಾನು ಮಾಡೋಳಲ್ಲ," ಎಂದು ಹೇಳಿ ನಾನು ಟಿವಿ ಮುಂದೆ ಕೂತೆ.

"ನಾನು ಮಾಡ್ತೀನಿ," ಎಂದರು ಗಂಡ.

ನಾನು ನಕ್ಕೆ. ಮಗಳೂ ನಕ್ಕಳು. ಅವರು ನಗಲಿಲ್ಲ, ಬಾಣಲೆಗೆ ಎಣ್ಣೆ ಸವರುವುದು ಹೇಗೆಂದು ಮಗಳ ಫೋನಿನಲ್ಲಿ ನೋಡುತ್ತಿದ್ದರು.

ಮರುದಿನ ಆಫೀಸು ಬಿಟ್ಟು ಅವರೊಬ್ಬರೇ ಐಎನ್‌ಎ ಮಾರ್ಕೆಟ್ಟಿಗೆ ಹೋದರು. ಮೀನಿನ ಸಾಲಿನೊಳಗೆ ಕಾಲಿಟ್ಟರಂತೆ, ಐಸಿನ ಮೇಲೆ ಮಲಗಿದ್ದ ಒಂದು ಮೀನು ನೇರ ಅವರನ್ನೇ ನೋಡಿತಂತೆ. ಅಲ್ಲಿಂದ ಹಿಂದೆ ಸರಿದು, ಹೊರಗಿನ ಅಂಗಡಿಯ ಫ್ರೀಜರಿನಿಂದ ಬಾಸಾ ಎಂಬ ಹೆಸರಿನ ಒಂದು ಪ್ಯಾಕೆಟ್ ತಂದರು. ತಲೆಯಿಲ್ಲ, ಬಾಲವಿಲ್ಲ, ಚರ್ಮವಿಲ್ಲ, ಮುಳ್ಳಿಲ್ಲ, ವಾಸನೆಯೂ ಇಲ್ಲ. ನೀರಿನಲ್ಲಿ ನೆನೆಸಿದ ಬಿಳಿ ಬಟ್ಟೆಯ ಹಾಗೆ ತಟ್ಟೆಯ ಮೇಲೆ ಬಿದ್ದುಕೊಂಡಿತ್ತು. ಇದಕ್ಕೆ ಮೀನು ಎಂದವರು ಯಾರು ಎಂದು ಕೇಳಿದೆ. "ಪ್ಯಾಕೆಟ್ ಮೇಲೆ ಬರೆದಿದೆ," ಎಂದರು. ಸರ್ಕಾರಿ ನೌಕರರಿಗೆ ಬರೆದದ್ದರ ಮೇಲೆ ಇರುವ ನಂಬಿಕೆ ದೇವರ ಮೇಲೂ ಇರುವುದಿಲ್ಲ.

ಅವರ ವಿಧಾನ ಹೀಗಿತ್ತು. ಮೊದಲು ಮೀನನ್ನು ಟಿಶ್ಯೂ ಪೇಪರಿನಿಂದ ಒತ್ತಿ ಒತ್ತಿ ಒಣಗಿಸುವುದು, ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಒರೆಸಿದಂತೆ. ಆಮೇಲೆ ಉಪ್ಪು, ಅರಿಶಿನ, ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ. ಬಾಣಲೆ ಕಾದು ಹೊಗೆಯಾಡಿದ ಮೇಲೆ ಒಂದು ಚಮಚ ಎಣ್ಣೆ, ಬೆರಳುಗಾತ್ರದ ಬೆಣ್ಣೆ. ಮೀನನ್ನು ಇಕ್ಕಳದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ಇಳಿಬಿಡುವುದು. ನಾಲ್ಕು ನಿಮಿಷ ಮುಟ್ಟಬಾರದು ಎಂದು ಫೋನಿನಲ್ಲಿತ್ತು. ಅವರು ನಾಲ್ಕು ನಿಮಿಷವೂ ಗೋಡೆಯ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದರು. ತಿರುವಿ ಹಾಕಿ ಮೂರು ನಿಮಿಷ. ಮೀನು ತೆಗೆದು, ಅದೇ ಬಾಣಲೆಗೆ ಹೂಕೋಸು, ಬೀನ್ಸು, ಒಂದು ಹಿಡಿ ಪಾಲಕ್. ಕೊನೆಗೆ ನಿಂಬೆರಸ. ಅಷ್ಟರಲ್ಲಿ ಮನೆಯ ಕಿಟಕಿಗಳೆಲ್ಲ ತೆರೆದು, ಚಿಮಣಿ ಬೊಬ್ಬಿರಿದು, ಡಿಸೆಂಬರಿನ ಚಳಿಯೆಲ್ಲ ಒಳಗೆ ಬಂದಿರುತ್ತಿತ್ತು.

ತಟ್ಟೆ ನನ್ನ ಮುಂದಿಟ್ಟು ಕೇಳುತ್ತಿದ್ದರು: "ಉಪ್ಪು ಸರಿ ಇದೆಯಾ?"

ತಾವು ರುಚಿ ನೋಡುವ ಹಾಗಿಲ್ಲವಲ್ಲ, ಅದಕ್ಕೆ ಕೇಳಬೇಕು. ನಾನು ಒಂದು ದಿನವಾದರೂ ನೆಟ್ಟಗೆ ಉತ್ತರ ಕೊಟ್ಟ ನೆನಪಿಲ್ಲ. "ಉಪ್ಪಿದೆ, ಮೀನೇ ಇಲ್ಲ," ಎಂದಿದ್ದೇನೆ. "ಪನೀರನ್ನ ಹೀಗೇ ಹುರೀತಾರೆ, ಇನ್ನೂ ಚೆನ್ನಾಗಿ," ಎಂದಿದ್ದೇನೆ. ಬೆಂದದ್ದು ಹೆಚ್ಚಾಗಿ ಪುಡಿಪುಡಿಯಾದ ದಿನ, "ಇದನ್ನ ಉಪ್ಪಿಟ್ಟು ಅಂತ ಬಡಿಸಿ," ಎಂದಿದ್ದೆ. ಅವರು ತಲೆಯಾಡಿಸಿ ಗ್ಲೌಸು ಬಿಚ್ಚಿ, ಕೈಗೆ ಮೂರು ಸಲ ಸೋಪು ಹಚ್ಚಿ, ತಮ್ಮ ಚಪಾತಿ ಪಲ್ಯ ತೆಗೆದುಕೊಂಡು ನನ್ನ ಎದುರಿಗೇ ಕೂರುತ್ತಿದ್ದರು. ನನ್ನ ಜೊತೆ ತಾವೂ ಅನ್ನ ಬಿಟ್ಟಿದ್ದರು. ಯಾರು ಬಿಡಲು ಹೇಳಿದ್ದರು? ತ್ಯಾಗ ಮಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ಊಟವಾದ ಮೇಲೆ ಅರ್ಧ ಗಂಟೆ ನಡೆಯಬೇಕೆಂದು ಆ ಪಥ್ಯದ ಹುಡುಗಿ ಹೇಳಿದ್ದಳು. ಅವರು ಬಾಣಲೆ ತೊಳೆಯುವಾಗ ನಾನು ಶಾಲು ಹೊದ್ದು ಕೆಳಗಿಳಿಯುತ್ತಿದ್ದೆ. ಮೊದಲ ವಾರ ನಿಜವಾಗಿಯೂ ನಡೆದೆ. ಆ ವಾರದ ಕೊನೆಗೆ ಎದುರು ಟವರಿನಲ್ಲಿರುವ ನಮ್ಮೂರ ಕಡೆಯ ಹೆಂಗಸು ಲಿಫ್ಟಿನ ಹತ್ತಿರ ಸಿಕ್ಕಳು. ಅವಳ ಗಂಡ ಯಾವುದೋ ಇಲಾಖೆಯಲ್ಲಿ ಅಕೌಂಟೆಂಟ್. ಊರಿಗೆ ಹೋದಾಗಲೆಲ್ಲ ರೈಲಿನಲ್ಲಿ ಕುಚ್ಚಲಕ್ಕಿಯ ಚೀಲ ಹೊತ್ತು ತರುವವಳು.

"ಅಕ್ಕ, ಯಾಕೆ ಹೀಗೆ ಬಾಡಿ ಹೋಗಿದ್ದೀರಿ? ಬನ್ನಿ, ಗಂಜಿ ಇದೆ, ಒಂದು ಬಟ್ಟಲು ಕುಡ್ಕೊಂಡು ಹೋಗಿ."

ಹೋದೆ. ಬಿಸಿ ಗಂಜಿ, ಮೇಲೆ ಒಂದು ಹೋಳು ಮಾವಿನ ಉಪ್ಪಿನಕಾಯಿ. ಮೊದಲ ತುತ್ತು ಗಂಟಲಿನಲ್ಲಿ ಇಳಿದಾಗ ನನಗೆ ಅಳುವೇ ಬಂತು. ಒಂದು ವಾರದ ಹಸಿವು ಅದು, ನಾಚಿಕೊಳ್ಳುವಂಥದ್ದೇನಿದೆ ಎಂದುಕೊಂಡೆ.

ಮರುದಿನ ಮತ್ತೆ ಹೋದೆ. ಅದರ ಮರುದಿನವೂ. ಎರಡನೇ ವಾರಕ್ಕೆ ಅವಳು ನನಗಾಗಿ ಹೆಚ್ಚಿಗೆ ಅಕ್ಕಿ ಹಾಕಲು ಶುರುಮಾಡಿದಳು. ನಾನು ಮನಸ್ಸಿನಲ್ಲಿ ದೊಡ್ಡ ವಾದವನ್ನೇ ಕಟ್ಟಿಕೊಂಡಿದ್ದೆ. ಬಿಟ್ಟದ್ದು ಅನ್ನ, ಇದು ಗಂಜಿ. ನಮ್ಮಲ್ಲಿ ಜ್ವರ ಬಂದರೆ ಗಂಜಿ, ಹೆರಿಗೆಯಾದರೆ ಗಂಜಿ, ಆಸ್ಪತ್ರೆಯಿಂದ ಬಂದವರಿಗೆ ಮೊದಲು ಗಂಜಿ. ಕಾಯಿಲೆಯವರಿಗೆಂದೇ ಇರುವ ಪಥ್ಯ ಕಾಯಿಲೆ ಹೆಚ್ಚಿಸುವುದು ಎಲ್ಲಾದರೂ ಉಂಟೇ? ಪ್ಲಾಸ್ಟಿಕ್ಕಿನ ಇಡ್ಲಿ ಇಟ್ಟುಕೊಂಡವಳಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು. ಕಡತಗಳಲ್ಲಿ ಮೂವತ್ತು ವರ್ಷ ಇತರರ ಕುಂಟು ನೆಪಗಳನ್ನು ಹಿಡಿದು ವಾಪಸು ಕಳಿಸಿದ ನಾನು, ನನ್ನ ನೆಪಕ್ಕೆ ಕಣ್ಮುಚ್ಚಿ ಸಹಿ ಹಾಕಿದ್ದೆ.

"ಅಣ್ಣನಿಗೆ ಗೊತ್ತಾ?" ಎಂದು ಅವಳು ಒಂದು ಸಲ ಕೇಳಿದಳು.

"ಅವರು ಮುದ್ದೆಯ ಕಡೆಯವರು. ಗಂಜಿ ಬಗ್ಗೆ ಅವರಿಗೇನು ಗೊತ್ತಾಗುತ್ತೆ," ಎಂದೆ.

ಮನೆಗೆ ವಾಪಸು ಬಂದಾಗ ಅವರು ಕೇಳುತ್ತಿದ್ದರು, ಎಷ್ಟು ಸುತ್ತು ಹಾಕಿದೆ ಎಂದು. ಮೂರು ಎನ್ನುತ್ತಿದ್ದೆ. ನಾಲ್ಕು ಎಂದರೆ ನಂಬುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು.

ಬೆಳಿಗ್ಗೆ ಎದ್ದ ಕೂಡಲೇ ಅವರು ನನ್ನ ಬೆರಳಿಗೆ ಸೂಜಿ ಚುಚ್ಚಿ ಪುಟ್ಟ ಯಂತ್ರದಲ್ಲಿ ಸಕ್ಕರೆ ನೋಡುತ್ತಿದ್ದರು. ಅದು ಇಳಿಯುತ್ತಿರಲಿಲ್ಲ. ಒಂದು ದಿನ ಸ್ವಲ್ಪ ಕೆಳಗೆ, ಮರುದಿನ ಮತ್ತೆ ಮೇಲೆ. ಅವರು ಯಂತ್ರವನ್ನೇ ದಿಟ್ಟಿಸಿ ಕೂತು, ಸಂಜೆ ಬರುವಾಗ ಏನಾದರೂ ಬದಲಾಯಿಸಿಕೊಂಡು ಬರುತ್ತಿದ್ದರು. ಬೆಣ್ಣೆ ಹೋಯಿತು, ಕೊಬ್ಬರಿ ಎಣ್ಣೆ ಬಂತು. ಪೊಟ್ಟಣದ ಮೆಣಸಿನ ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಎಂದು ತಾವೇ ಮೆಣಸು ಕುಟ್ಟಿದರು. ಈರುಳ್ಳಿ ಸಿಹಿ ಎಂದು ಬಿಟ್ಟರು. ಕ್ಯಾರೆಟ್ ಬಿಟ್ಟರು. ನಿಂಬೆಹಣ್ಣನ್ನೂ ಒಂದು ವಾರ ಅನುಮಾನಿಸಿದರು. ಕೊನೆಗೆ ಬಾಸಾದ ಮೇಲೇ ಅನುಮಾನ ಬಂದು, ಗಟ್ಟಿ ಮನಸ್ಸು ಮಾಡಿ ಮೀನಿನ ಸಾಲಿನೊಳಗೇ ಹೋಗಿ ಅಂಜಲ್ ಮೀನಿನ ತುಂಡು ತಂದರು. ಇಲ್ಲಿ ಅದಕ್ಕೆ ಸುರ್ಮಯಿ ಎನ್ನುತ್ತಾರೆ. ಕಣ್ಣಿರುವ ಮೀನನ್ನು ಎದುರು ನಿಂತು ಕೊಯ್ಯಿಸಿದ್ದರು. ಬಂದವರೇ ನೇರ ಸ್ನಾನಕ್ಕೆ ಹೋದರು.

ನಿಜ ಹೇಳಬೇಕೆಂದರೆ ಆ ಅಂಜಲ್ ಚೆನ್ನಾಗಿತ್ತು. ಅಂಚು ಗರಿಗರಿ, ಒಳಗೆ ಮೆತ್ತಗೆ, ಬೆಳ್ಳುಳ್ಳಿ ಸೀದಿರಲಿಲ್ಲ. ನನ್ನ ತಾಯಿ ಹುರಿದಿದ್ದರೂ ಇದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. "ಪರವಾಗಿಲ್ಲ," ಎಂದೆ. ಅಷ್ಟಕ್ಕೇ ಅವರ ಮುಖ ಅರಳಿತು. ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ತಿಂದು ಎದ್ದು, ಶಾಲು ಹೊದ್ದು, ಗಂಜಿಗೆ ಹೋದೆ.

ಮೂರು ತಿಂಗಳು ಮುಗಿದ ವಾರ ಆಸ್ಪತ್ರೆಗೆ ಹೋದೆವು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಮೊದಲಿಗಿಂತ ಹೆಚ್ಚಾಗಿತ್ತು. ಎಡಗಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿದರು. ಅಲ್ಲೂ ಸಣ್ಣ ಚುಕ್ಕೆಗಳು ಕಾಣಿಸಿಕೊಂಡಿವೆ ಎಂದರು. ಇನ್ನೂ ಒಂದು ಅವಕಾಶ ಇದೆ, ಆದರೆ ಮನೆಯಲ್ಲಿ ಏನೋ ತಪ್ಪು ನಡೆಯುತ್ತಿದೆ, ಅದನ್ನು ಹುಡುಕಿ ಎಂದರು. ಅವರು ಹಾಗೆ ಹೇಳುವಾಗ ನನ್ನ ಗಂಡನನ್ನು ನೋಡುತ್ತಿದ್ದರು, ಅಡುಗೆ ಮಾಡುವವರು ಇವರೇ ಎಂದು ನಾನೇ ಹೇಳಿದ್ದೆನಲ್ಲ. ಹೇಳಿ ನಕ್ಕೂ ಇದ್ದೆ.

ಮನೆಗೆ ಬರುವಾಗ ಆಟೋದಲ್ಲಿ, ಹನಿ ಹಾಕಿದ ಕಣ್ಣಿಗೆ ಕಾರುಗಳ ಗಾಜಿನ ಮೇಲಿನ ಬಿಸಿಲೆಲ್ಲ ಒಡೆದು ಹರಡಿ ಕಾಣುತ್ತಿತ್ತು. ನನಗೆ ಹೆದರಿಕೆಯಾಗಿತ್ತು. ಗಂಜಿಯಿಂದಲೇ ಎಂದು ನನಗೆ ಆಗ ಚೆನ್ನಾಗಿ ಗೊತ್ತಿತ್ತು. ನನಗೆ ಮೊದಲ ದಿನದಿಂದಲೂ ಗೊತ್ತಿತ್ತು ಎಂದೇ ಈಗ ಅನಿಸುತ್ತದೆ.

ಅವತ್ತು ಮಗಳು ಸ್ನೇಹಿತೆಯ ಮನೆಯಲ್ಲಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ನನ್ನ ಕಣ್ಣು ತಿಳಿಯಾಗಿತ್ತು. ಅವರು ಎಂದಿನಂತೆ ಏಳಕ್ಕೆ ಅಡುಗೆಮನೆಗೆ ಹೋದರು. ಬಾಣಲೆಯ ಸದ್ದು ಕೇಳಿಸಿತು, ಮೀನಿನ ವಾಸನೆ ಬಂತು, ತಟ್ಟೆ ಬರಲಿಲ್ಲ. ಎದ್ದು ಹೋಗಿ ನೋಡಿದೆ. ಮಾಸ್ಕು ಇರಲಿಲ್ಲ, ಗ್ಲೌಸೂ ಇರಲಿಲ್ಲ. ಹುರಿದ ತುಂಡನ್ನು ಕಟ್ಟೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ನಿಂತಿದ್ದರು.

"ಬೇರೆ ಏನೂ ಉಳಿದಿಲ್ಲ," ಎಂದರು. "ಬೆಳಿಗ್ಗೆ, ಮಧ್ಯಾಹ್ನ ಅವರು ಬರೆದುಕೊಟ್ಟದ್ದೇ ತಿಂತೀಯ. ಮಾತ್ರೆ ನಾನೇ ಕೊಡ್ತೀನಿ. ದಿನಾ ನಡೀತೀಯ. ಉಳಿದಿರೋದು ಇದೊಂದೇ. ನಾನು ರುಚಿ ನೋಡದೆ ಹಾಕ್ತೀನಲ್ಲ, ಇದರಲ್ಲಿ ಏನೋ ತಪ್ಪಿದೆ. ನಂಗೆ ಗೊತ್ತಾಗ್ತಿಲ್ಲ."

ಹೀಗೆ ಹೇಳುತ್ತಲೇ ಮೀನಿನ ತುದಿಯನ್ನು ಬೆರಳಿನಿಂದ ಮುರಿದು ಬಾಯಿಗೆ ಹಾಕಿಕೊಂಡರು.

ನನಗೆ ತಡೆಯಲು ಕೈಯೇ ಬರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಒಂದು ಕೈ ಕಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ನಿಧಾನಕ್ಕೆ ಜಗಿಯತೊಡಗಿದರು, ಯಾವುದರ ಸಿಹಿ ಎಂದು ಹುಡುಕುತ್ತಾ. ಐವತ್ತೈದು ವರ್ಷ ಬಾಯಿಗೆ ಮುಟ್ಟಿಸದೆ ಇದ್ದದ್ದನ್ನು, ನಾನು ಮುಚ್ಚಿಟ್ಟ ತಪ್ಪನ್ನು ಹುಡುಕಲು ಅವರು ಜಗಿಯುತ್ತಿದ್ದರು.

"ಉಗಿದುಬಿಡಿ," ಎಂದೆ. ಬೇಡವೆಂದು ತಲೆಯಾಡಿಸಿದರು.

"ರೀ, ಅದರಲ್ಲಿ ಏನೂ ಇಲ್ಲ. ನಾನು ಗಂಜಿ ಉಣ್ತಿದ್ದೆ. ಎದುರು ಟವರಿನಲ್ಲಿ. ನಡೆಯೋಕೆ ಅಂತ ಹೋಗಿ, ದಿನಾ."

ಅವರು ಕಣ್ಣು ತೆರೆದರು. ಬಾಯಲ್ಲಿದ್ದದ್ದನ್ನು ನುಂಗಿದರು. ನಾನು ನೀರಿನ ಲೋಟ ಮುಂದಿಟ್ಟೆ, ತೆಗೆದುಕೊಳ್ಳಲಿಲ್ಲ.

"ಹಾಗಾದ್ರೆ ಮೀನಿಂದ ಅಲ್ಲ," ಎಂದರು.

"ಅಲ್ಲ."

"ನಾನು ಹಾಕಿದ್ದರಿಂದ ಯಾವುದರಿಂದಲೂ ಅಲ್ಲ."

"ಅಲ್ಲ ಅಂದ್ನಲ್ಲ."

ಬೈಯಲಿ ಎಂದು ಕಾದು ನಿಂತೆ. ಬೈದಿದ್ದರೆ ತಿರುಗಿ ಬೈಯಲು ನನ್ನ ಬಳಿ ಇಪ್ಪತ್ತಾರು ವರ್ಷದ ಸರಕಿತ್ತು. ಅವರು ಅಡುಗೆಮನೆಯ ಮೂಲೆಯ ಸ್ಟೂಲನ್ನು ಎಳೆದುಕೊಂಡು ಕೂತು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು. ಕೈ ತೆಗೆದಾಗ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಹೆಂಡತಿಯ ಕಣ್ಣು ತನ್ನ ಕೈಯಿಂದ ಹೋಗುತ್ತಿಲ್ಲ ಎಂದು ಈಗಷ್ಟೇ ತಿಳಿದ ಮನುಷ್ಯನ ನೆಮ್ಮದಿ ಇತ್ತು. ಅದನ್ನು ನಾನು ನನ್ನ ಎಡಗಣ್ಣಿನಿಂದ ಸ್ಪಷ್ಟವಾಗಿ ನೋಡಿದೆ. ಇನ್ನೂ ಅಷ್ಟು ಚೆನ್ನಾಗಿ ಕಾಣುತ್ತದೆಂಬುದಕ್ಕೇ ನನಗೆ ನಾಚಿಕೆಯಾಯಿತು.